ಕಥೆಯನ್ನು ಮನೆಗೆ ಕಳಿಸುವ ಮಕ್ಕಳು

ಆ ಊರಿಗೆ ಶಿಶುವಿಹಾರಗಳು ಎರಡು, ಎರಡೂ ಸರ್ಕಾರದವು. ಒಂದು ದಿಬ್ಬದ ಮೇಲೆ, ಇನ್ನೊಂದು ದಿಬ್ಬದ ಬುಡದಲ್ಲಿ, ನಡುವೆ ಹೆದ್ದಾರಿ. ಒಂದರ ಬಾಲ ಒಂದು ಹಿಡಿದುಕೊಂಡಂತೆ ಹಗಲಿಡೀ ಲಾರಿಗಳು ಓಡುವ ಆ ರಸ್ತೆ ದಾಟುವಾಗ ದೊಡ್ಡವರೇ ಉಸಿರು ಬಿಗಿಹಿಡಿಯುತ್ತಿದ್ದರು.

ಮೇಲಿನದಕ್ಕೆ ಬಣ್ಣ ಬಳಿದ ಗೋಡೆ, ಗಾಜಿನ ಕಿಟಕಿ, ಅಂಗಳದಲ್ಲಿ ಜಾರುಬಂಡೆ. ವರ್ಷ ವರ್ಷದ ತಪಾಸಣೆಯಲ್ಲೂ ಅದಕ್ಕೇ ಮೇಲ್ದರ್ಜೆ. ಕೆಳಗಿನದು ಒಂದು ಕಾಲದಲ್ಲಿ ಗೋದಾಮಾಗಿದ್ದ ಕಟ್ಟಡ. ಎಷ್ಟು ಸುಣ್ಣ ಹೊಡೆದರೂ ಮೂಲೆಗಳಿಂದ ಹಳೇ ಗೋಣಿಚೀಲದ ವಾಸನೆ ಬರುವುದು ಬಿಟ್ಟಿರಲಿಲ್ಲ. ಬಟ್ಟೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವ ತಾಯಂದಿರ ಮಕ್ಕಳೆಲ್ಲ ಇಲ್ಲಿಗೇ. ಕಾರ್ಖಾನೆಯ ಗೇಟಿಗೂ ಶಿಶುವಿಹಾರದ ಬಾಗಿಲಿಗೂ ಕೂಗಳತೆಯ ದೂರ. ನಿದ್ದೆಗಣ್ಣಿನ ಮಗುವನ್ನು ಸೊಂಟದಿಂದ ಇಳಿಸಿ, ಮೂಗು ಒರೆಸಿ, ಕೆನ್ನೆಗೊಂದು ಮುತ್ತು ಒತ್ತಿ, ಸೈರನ್ನು ಕೂಗಿ ಮುಗಿಸುವಷ್ಟರಲ್ಲಿ ಓಡಿ ಒಳಸೇರಬಹುದಿತ್ತು.

ಈ ಎರಡನ್ನೂ ನಡೆಸುತ್ತಿದ್ದವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಮೇಲೆ ಅಕ್ಕ, ಕೆಳಗೆ ತಂಗಿ. ಅಕ್ಕನನ್ನು ಊರವರು ಗಂಟೆ ಟೀಚರ್ ಎನ್ನುತ್ತಿದ್ದರು. ಅವಳ ಕೈಯ ಗಂಟೆ ಅಲುಗಿದರೆ ಸಾಕು, ಅಳುತ್ತಿದ್ದ ಮಗು ಉಳಿದ ಅಳುವನ್ನು ನುಂಗಿಕೊಂಡು ಸಾಲಿಗೆ ಬರುತ್ತಿತ್ತಂತೆ. ತಂಗಿ ಕಥೆ ಟೀಚರ್. ಅವಳ ಮಕ್ಕಳು ಸಾಲಿಗೆ ಬರುತ್ತಿರಲಿಲ್ಲ, ಮಡಿಲಿಗೆ ಬರುತ್ತಿದ್ದರು.

ಇಬ್ಬರನ್ನೂ ಸಾಕಿದ್ದು ಅಜ್ಜಿ. ಕಥೆಯಿಲ್ಲದೆ ದೀಪ ಆರಿಸದ ಅಜ್ಜಿ. ಆಕೆಗೊಂದು ಕಟ್ಟುನಿಟ್ಟಿತ್ತು. ಕಥೆ ಮುಗಿದ ಮೇಲೆ ಅದನ್ನು ಹಾಗೇ ಬಿಟ್ಟು ಮಲಗುವಂತಿರಲಿಲ್ಲ, ಬಂದ ದಾರಿಯಲ್ಲೇ ಅದನ್ನು ಮನೆಗೆ ಕಳಿಸಬೇಕಿತ್ತು. ಗೆದ್ದ ರಾಜಕುಮಾರ ಕುದುರೆಯನ್ನು ಹಿಂದೆ ತಿರುಗಿಸಬೇಕು, ದಾಟಿದ ನದಿಯನ್ನು ಮತ್ತೆ ದಾಟಬೇಕು, ಕಾಡಿನ ಮುದುಕಿಗೆ ಮತ್ತೆ ಕೈಮುಗಿಯಬೇಕು, ಕೊನೆಗೆ ತೊಟ್ಟಿಲಲ್ಲಿ ಮಗುವಾಗಿ ಮಲಗಬೇಕು. "ಊರಾಚೆ ಬಿಟ್ಟು ಬಂದ್ರೆ ಅದಕ್ಕೆ ದಾರಿ ತಿಳಿಯಲ್ಲ ಕಣ್ರೇ," ಎನ್ನುತ್ತಿದ್ದಳು ಅಜ್ಜಿ. "ಮಧ್ಯರಾತ್ರಿ ನಿಮ್ಮ ಕನಸಿನ ಬಾಗಿಲು ಬಡಿಯುತ್ತೆ. ಆಮೇಲೆ ನನ್ನನ್ನ ಎಬ್ಬಿಸಬೇಡಿ." ಈ ಆಟದಲ್ಲಿ ಅಕ್ಕನೇ ಚುರುಕು. ತಂಗಿ ನದಿಯ ಹತ್ತಿರ ತೂಕಡಿಸುವಷ್ಟರಲ್ಲಿ ಅಕ್ಕ ತೊಟ್ಟಿಲು ತಲುಪಿರುತ್ತಿದ್ದಳು.

ಅಜ್ಜಿ ಹೋದಳು. ಅಕ್ಕ ಆ ಆಟವನ್ನು ಅಜ್ಜಿಯ ಕಂಬಳಿಯ ಜೊತೆ ಮಡಿಸಿಟ್ಟಳು. ತಂಗಿ ಅದನ್ನು ಗೋದಾಮಿಗೆ ತಂದಳು.

ಅವಳ ತರಗತಿಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ. ಕಥೆ ಹೇಳುತ್ತಾ ಹೇಳುತ್ತಾ ಒಂದೊಂದೇ ಚಿತ್ರವನ್ನು ಆ ಹಗ್ಗಕ್ಕೆ ಸಿಕ್ಕಿಸುವಳು. ಕಥೆ ಮುಗಿದದ್ದೇ ಮಕ್ಕಳ ಪಾಳಿ. ಕೊನೆಯ ಚಿತ್ರ ಮೊದಲು ಕೆಳಗಿಳಿಯಬೇಕು, ಆಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ಪುಟ್ಟ ಬಾಯಿಗಳು ಕಥೆಯನ್ನು ಹಿಂದುಹಿಂದಕ್ಕೆ ಹೇಳಿಕೊಂಡು ಹೋಗಿ ಮೊದಲ ಚಿತ್ರವನ್ನು ನೆಲದ ಮೇಲಿಟ್ಟು, "ಮನೆ ಸೇರ್ತು!" ಎಂದು ಚಪ್ಪಾಳೆ ತಟ್ಟುತ್ತಿದ್ದವು. ಮಾತೇ ಆಡದೆ ಬಂದ ಮಕ್ಕಳೂ ಈ ಆಟಕ್ಕಾಗಿ ಬಾಯಿ ಬಿಟ್ಟಿದ್ದುಂಟು.

ಆ ವರ್ಷ ಶಿಕ್ಷಣ ಕಚೇರಿಯಿಂದ ಸುದ್ದಿ ಬಂತು. ಸಣ್ಣ ಊರಿಗೆ ಎರಡೆರಡು ಶಿಶುವಿಹಾರ ದುಬಾರಿ, ಈ ಸಲದ ತಪಾಸಣೆಯಲ್ಲಿ ಕೆಳದರ್ಜೆಗೆ ಬಿದ್ದದ್ದನ್ನು ಮುಚ್ಚಿ ಮಕ್ಕಳನ್ನು ಇನ್ನೊಂದಕ್ಕೆ ಸೇರಿಸುತ್ತಾರೆ. ಯಾವುದು ಬೀಳುತ್ತದೆಂದು ಕೇಳುವ ಅಗತ್ಯ ಊರಲ್ಲಿ ಯಾರಿಗೂ ಇರಲಿಲ್ಲ.

"ಮುಚ್ಚಿದ್ರೆ ನನ್ನ ಮಗಳು ಮನೇಲೇ ಟೀಚರ್," ಎಂದಿದ್ದಳು ಗುಂಡಿ ಹೊಲಿಯುವ ವಿಭಾಗದ ತಾಯಿಯೊಬ್ಬಳು, ಮಗುವಿನ ಚಪ್ಪಲಿ ಬಿಚ್ಚುತ್ತಾ. "ಆ ರಸ್ತೆ ದಾಟಿಸಿ, ದಿಬ್ಬ ಹತ್ತಿಸಿ, ನಾನು ವಾಪಸ್ ಬರೋಷ್ಟರಲ್ಲಿ ಗೇಟು ಹಾಕಿರ್ತಾರೆ. ಮನೇಲಿ ಯಾರಿದ್ದಾರೆ? ಕೈಲಿ ಮೊಬೈಲು ಕೊಟ್ಟು ಹೊರಗಿಂದ ಚಿಲಕ ಹಾಕ್ಕೊಂಡು ಬರೋದು. ಇನ್ನೇನು ಮಾಡ್ಲಿ ಹೇಳಿ?"

ಆ ಮಗಳಿಗೆ ಬೆಕ್ಕಿನಮರಿ ಎಂದು ಹೆಸರಿಟ್ಟಿದ್ದವರು ಮಕ್ಕಳೇ. ಸದ್ದಿಲ್ಲದೆ ಬಂದು ಕಥೆ ಟೀಚರ್ ಬೆನ್ನಿಗೆ ಒರಗಿ ಕೂರುತ್ತಿತ್ತು. ವರ್ಷದ ಮೊದಲರ್ಧ ತುಟಿ ಪಿಟಕ್ಕೆನ್ನಲಿಲ್ಲ. ಈಗೀಗ ಕಿವಿಯಲ್ಲಿ ಒಂದೆರಡು ಪದ ಹೇಳುತ್ತಿತ್ತು.

ಹೊರಗಿಂದ ಚಿಲಕ ಹಾಕಿದ ಬಾಗಿಲು. ತಂಗಿ ಆವತ್ತಿನಿಂದ ಅದನ್ನೇ ನೋಡುತ್ತಿದ್ದಳು, ಎಚ್ಚರದಲ್ಲೂ.

*

ತಪಾಸಣೆಗೆ ಬಂದ ಸಾಹೇಬರಿಗೆ ನೆಗಡಿ. ಬಂದವರೇ ಕರವಸ್ತ್ರದಲ್ಲಿ ಮೂಗು ಮುಚ್ಚಿ ನಿಯಮ ಹೇಳಿದರು. ಕಿಟಕಿಯ ಪಕ್ಕದ ಮೇಜಿಗೆ ಮಕ್ಕಳು ಒಬ್ಬೊಬ್ಬರಾಗಿ ಬರಬೇಕು. ಉಳಿದವರ ಪಾಠ ಕೋಣೆಯ ಇನ್ನೊಂದು ತುದಿಯಲ್ಲಿ ಎಂದಿನಂತೆ ನಡೆಯಬೇಕು. ತಪಾಸಣೆ ಮುಗಿಯುವ ತನಕ ಟೀಚರ್ ಆ ಬಗ್ಗೆ ಯಾವ ಮಗುವಿಗೂ ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ ಏನೂ ಹೇಳಿಕೊಡುವಂತಿಲ್ಲ. ಹೇಳಿಕೊಟ್ಟರೆ ತಪಾಸಣೆ ರದ್ದು, ರದ್ದಾದರೆ ಕೆಳದರ್ಜೆ.

"ಅರ್ಥ ಆಯ್ತಲ್ಲ?"

"ಆಯ್ತು ಸರ್."

"ಸಾಕ್ಷಿಗೆ ಇನ್ನೊಂದು ಶಾಲೆಯವರು ಕೂರ್ತಾರೆ. ಬನ್ನಿ ಮೇಡಂ."

ಬಂದವಳು ಅಕ್ಕ. ಇಸ್ತ್ರಿಯ ಗೆರೆ ಮುರಿಯದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು. ಕೋಣೆಯನ್ನೊಮ್ಮೆ ನೋಡಿದಳು, ಹಗ್ಗದ ಮೇಲೆ ಅವಳ ಕಣ್ಣು ಒಂದು ಕ್ಷಣ ನಿಂತಿತು. ಕುರ್ಚಿಯ ಧೂಳು ಒರೆಸಿಕೊಂಡು ಕೂತಳು.

"ಅಕ್ಕಾ, ನೀನಾ ಸಾಕ್ಷಿ?" ತಂಗಿ ಮೆಲ್ಲಗೆ ಕೇಳಿದಳು.

"ಊರಲ್ಲಿ ಇನ್ನೊಂದು ಶಾಲೆ ಯಾರದು ಮತ್ತೆ? ಹೋಗು, ನಿನ್ನ ಮಕ್ಕಳನ್ನ ನೋಡ್ಕೋ. ಅಲ್ಲೊಬ್ಬ ಸೀಮೆಸುಣ್ಣ ತಿಂತಿದ್ದಾನೆ."

ಸೀಮೆಸುಣ್ಣ ತಿನ್ನುತ್ತಿದ್ದವನು ಗುಂಡ, ಬೇಕರಿಯವನ ಮಗ. ಮನೆಯಲ್ಲಿ ಬೇಕಾದಷ್ಟು ಬಿಸ್ಕತ್ತಿದ್ದರೂ ಅವನಿಗೆ ಸೀಮೆಸುಣ್ಣದ ಮೇಲೇ ಮನಸ್ಸು. ಮೊದಲ ಕರೆ ಬಂದದ್ದೂ ಅವನಿಗೇ.

ಬಣ್ಣ ಗುರುತಿಸಿದ. ದೊಡ್ಡದು ಚಿಕ್ಕದು ಹೇಳಿದ. ಒಂಟಿಕಾಲಲ್ಲಿ ನಿಂತ, ಬಿದ್ದ, ಎದ್ದು ಮತ್ತೆ ನಿಂತ. ಕೋಣೆಯ ಈ ತುದಿಯಲ್ಲಿ ಚಾಪೆಯ ಮೇಲೆ ಕೂತು ಉಳಿದವರಿಗೆ ಜೇಡಿಮಣ್ಣು ಹಂಚುತ್ತಿದ್ದ ತಂಗಿಯ ಎದೆ ಒಂಚೂರು ಹಗುರಾಯಿತು.

ಆಮೇಲೆ ಸಾಹೇಬರು ಕೊನೆಯ ಪ್ರಶ್ನೆಯ ಕಾರ್ಡುಗಳನ್ನು ತೆಗೆದರು. ಎಲ್ಲಕ್ಕಿಂತ ಹೆಚ್ಚು ಅಂಕ ಇದಕ್ಕೇ. ಒಂದೊಂದೇ ಚಿತ್ರ ತೋರಿಸುತ್ತಾ, ಓದಿ ಓದಿ ಸವೆದ ದನಿಯಲ್ಲಿ ಹೇಳಿದರು: "ಒಂದು ಮೊಟ್ಟೆ ಇತ್ತು. ಮೊಟ್ಟೆ ಬಿರುಕು ಬಿಡ್ತು. ಮರಿ ಹೊರಗೆ ಬಂತು. ಮರಿ ಬೆಳೆದು ಕೋಳಿ ಆಯ್ತು. ಕಥೆ ಮುಗೀತು." ಕಾರ್ಡುಗಳನ್ನು ಕಲಸಿ ಗುಂಡನ ಮುಂದಿಟ್ಟರು. "ಈಗ ನೀನು ಸಾಲಾಗಿ ಜೋಡಿಸು."

ಗುಂಡ ತಡವರಿಸಲಿಲ್ಲ. ಮೊದಲು ಕೋಳಿ ಇಟ್ಟ. ಪಕ್ಕದಲ್ಲಿ ಮರಿ. ಆಮೇಲೆ ಬಿರುಕು. ಕೊನೆಗೆ ಮೊಟ್ಟೆ. ಚಪ್ಪಾಳೆ ತಟ್ಟಿ ನಕ್ಕ.

ಸಾಹೇಬರು ಸೀನಿ, ಹಾಳೆಯ ಮೇಲೆ ಒಂದು ಕಾಟು ಹೊಡೆದರು.

ಪಾಪ, ಹೆದರಿದ್ದಾನೆ ಎಂದುಕೊಂಡಳು ತಂಗಿ. ಎರಡನೆಯವಳು ಬಂದಳು. ಕೋಳಿ, ಮರಿ, ಬಿರುಕು, ಮೊಟ್ಟೆ. ಕಾಟು. ಜೇಡಿಮಣ್ಣು ಹಿಡಿದ ತಂಗಿಯ ಕೈ ಅಲ್ಲೇ ನಿಂತಿತು.

ಮೂರನೆಯದು ಚಿನಕುರುಳಿ. ತರಗತಿಗೆಲ್ಲ ಜಾಣೆ, ಬಾಯಿ ತೆರೆದರೆ ಪಟಪಟ. ಕಾರ್ಡು ಮುಟ್ಟುವ ಮೊದಲೇ ಭುಜ ಹಿಂದೆ ಮಾಡಿ ಕೂತಳು. ಕೋಳಿಯನ್ನು ಎತ್ತಿ, "ಕೋಳಿ ಚಿಕ್ಕದಾಯ್ತು," ಎಂದಳು ದೊಡ್ಡದಾಗಿ. ಮರಿಯನ್ನಿಟ್ಟು, "ಮರಿಗೆ ಚಳಿ ಆಯ್ತು, ಒಳಗೆ ಹೋಯ್ತು." ಬಿರುಕಿನ ಮೇಲೆ ಬೆರಳು ಎಳೆದು, "ಬಾಗಿಲು ಹಾಕ್ಕೊಂಡ್ತು." ಮೊಟ್ಟೆ ಇಟ್ಟು ಸಾಹೇಬರ ಮುಖ ನೋಡಿದಳು, ಶಹಬ್ಬಾಸ್‌ಗಿರಿಗೆ.

"ಏನಮ್ಮಾ, ನಿಮ್ಮೂರಲ್ಲಿ ಕೋಳಿ ಮೊಟ್ಟೆಯೊಳಗೆ ಹೋಗುತ್ತಾ?" ಎಂದರು ಸಾಹೇಬರು. ಕೆಟ್ಟ ದನಿಯೇನಲ್ಲ, ನಗುವೂ ಇತ್ತು. ಆದರೆ ಪೆನ್ನು ಕಾಟು ಹೊಡೆದೇ ಮೇಲೆದ್ದಿತು.

"ಹೋಗ್ಲೇಬೇಕಲ್ವಾ, ಕಥೆ ಮುಗೀತಲ್ಲಾ!" ಎಂದಳು ಚಿನಕುರುಳಿ. ಇವರಿಗೆ ಇಷ್ಟೂ ತಿಳಿಯದೇ ಎಂಬಂತೆ ತಲೆ ಅಲ್ಲಾಡಿಸಿ ಎದ್ದು ಬಂದಳು.

ತಂಗಿಗೆ ಈಗ ಅರ್ಥವಾಯಿತು. ಮಕ್ಕಳು ಹೆದರಿಲ್ಲ, ತಪ್ಪಿಲ್ಲ. ಕಥೆ ಮುಗೀತು ಎಂದು ಕೇಳಿದ ಕೂಡಲೇ ಕೈ ಕೊನೆಯ ಚಿತ್ರಕ್ಕೆ ಹೋಗುತ್ತಿದೆ. ಅವಳು ಕಲಿಸಿದ್ದೇ ಅದು. ಎಷ್ಟು ಚೆನ್ನಾಗಿ ಕಲಿಸಿದ್ದಾಳೆಂದರೆ ಒಂದು ಮಗುವೂ ಎಡವುವುದಿಲ್ಲ. ಎಲ್ಲರೂ ಕೋಳಿಯಿಂದ ಶುರುಮಾಡಿ ಒಟ್ಟಾಗಿ ಹಳ್ಳಕ್ಕೆ ಬೀಳುತ್ತಾರೆ.

ನಾಲ್ಕನೆಯವನು ಹೋದ. ಅವಳು ನೋಡಲಿಲ್ಲ. ಸಾಹೇಬರ ಪೆನ್ನು ಎರಡು ಸಲ ಕೊರೆದ ಸದ್ದು ಕೇಳಿತು, ಸಾಕಾಯಿತು.

ಕಣ್ಣು ಅಕ್ಕನ ಕಡೆ ಹೋಯಿತು. ಈ ಭೂಮಿಯ ಮೇಲೆ ಇದೇನೆಂದು ತಿಳಿದವರು ಇನ್ನೊಬ್ಬರಿದ್ದರೆ ಅದು ಅಕ್ಕ. ಅಕ್ಕನಿಗೂ ಗೊತ್ತಾಗಿತ್ತು. ಬೆನ್ನು ನೆಟ್ಟಗಿದ್ದರೂ ಮಡಿಲಲ್ಲಿ ಒಂದು ಕೈ ಇನ್ನೊಂದು ಕೈಯ ಬೆರಳುಗಳನ್ನು ಹಿಸುಕುತ್ತಿತ್ತು. ಒಂದು ಮಾತು ಹೇಳಕ್ಕಾ, ತಂಗಿಯ ಕಣ್ಣು ಬೇಡಿತು. ನೀನು ಹೇಳಬಹುದು. ಅಕ್ಕ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು. ಅಲ್ಲಿ ಹೆದ್ದಾರಿ, ಲಾರಿಗಳು, ಅದರಾಚೆ ದಿಬ್ಬದ ಮೇಲೆ ಅವಳ ಬಣ್ಣದ ಗೋಡೆ.

ಸರಿ, ಎಂದುಕೊಂಡಳು ತಂಗಿ. ಇದು ಬಿದ್ದರೆ ಅದು ದೊಡ್ಡದಾಗುತ್ತದೆ, ಇನ್ನೊಂದು ಕೋಣೆ ಕಟ್ಟಿಸುತ್ತಾರೆ. ಅವಳು ಯಾಕೆ ಬಾಯಿ ಬಿಟ್ಟಾಳು?

ಚಾಪೆಯ ಮೇಲೆ ಇನ್ನೂ ಅರ್ಧಕ್ಕೂ ಹೆಚ್ಚು ಮಕ್ಕಳು ಕಾಯುತ್ತಿದ್ದರು. ಬೆನ್ನಿಗೆ ಬೆಕ್ಕಿನಮರಿ ಎಂದಿನಂತೆ ಒರಗಿತ್ತು. ಅದರ ಪುಟ್ಟ ಬೆಚ್ಚನೆಯ ಉಸಿರು ಬಟ್ಟೆಯ ಮೂಲಕ ತಾಗುತ್ತಿತ್ತು. ಒಂದೇ ಒಂದು ಮಾತು ಸಾಕು. ಪಾಠ ಎಂದಿನಂತೆ ನಡೆಯಲಿ ಎಂದಿದ್ದಾರಲ್ಲ, ಪಾಠದಲ್ಲೇ ಹೇಳಬಹುದು. ಹೇಳಿದರೆ ಮೋಸ. ಹೇಳದಿದ್ದರೆ ಹೊರಗಿಂದ ಚಿಲಕ.

"ಐದನೇ ಮಗು," ಎಂದರು ಸಾಹೇಬರು. ಐದನೇ ಮಗು ಎದ್ದು ಹೋಯಿತು. ಬಣ್ಣ. ದೊಡ್ಡದು ಚಿಕ್ಕದು. ಒಂಟಿಕಾಲು. ತಂಗಿ ಕೈಯ ಮಣ್ಣನ್ನು ಕೆಳಗಿಟ್ಟಳು.

"ಮಕ್ಳೇ," ಎಂದಳು. ದನಿ ತನ್ನದಲ್ಲ ಅನಿಸಿತು. ಮಕ್ಕಳು ಮಣ್ಣಿನ ಕೈ ಎತ್ತಿ ನೋಡಿದವು. "ಇವತ್ತು ಕಥೆ ಮನೆಗೆ ಹೋಗಲ್ಲ. ಇವತ್ತು ಅದು ಮನೆಯಿಂದ ಹೊರಡುತ್ತೆ. ಮೊದಲಿನ ಚಿತ್ರ ಮೊದಲು. ನೆನಪಿರುತ್ತಾ?"

"ಯಾಕೆ ಟೀಚರ್? ಆಮೇಲೆ ಅದಕ್ಕೆ ನಿದ್ದೆ ಬರಲ್ವಾ?"

"ಬರುತ್ತೆ. ನಾಳೆ ನಾನೇ ಮಲಗಿಸ್ತೀನಿ."

ತಲೆ ಎತ್ತಿದಾಗ ಅಕ್ಕ ನೇರ ಅವಳನ್ನೇ ನೋಡುತ್ತಿದ್ದಳು.

*

ಆರನೆಯ ಮಗು ಮೊಟ್ಟೆಯನ್ನು ಮೊದಲು ಇಟ್ಟಿತು. ಏಳನೆಯದೂ. ಎಂಟನೆಯದು ಇಡುವಾಗ, "ಇವತ್ತು ಹೊರಡುತ್ತೆ," ಎಂದು ತನ್ನಷ್ಟಕ್ಕೇ ಗೊಣಗಿತು. ಸಾಹೇಬರು ಸೀನುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ. ಒಂದೊಂದು ಸರಿ ಗುರುತು ಬಿದ್ದಾಗಲೂ ತಂಗಿಗೆ ಸಮಾಧಾನವಾಗುತ್ತಿರಲಿಲ್ಲ. ಬೆಕ್ಕಿನಮರಿ ಕೂಡ ಹೋಯಿತು. ಬಾಯಿ ಬಿಡಲಿಲ್ಲ, ಆದರೆ ನಾಲ್ಕು ಕಾರ್ಡುಗಳನ್ನೂ ತುದಿಬೆರಳಲ್ಲಿ ಸರಿಸಿ, ಮೊಟ್ಟೆಯಿಂದ ಕೋಳಿಯವರೆಗೆ ಸಾಲಾಗಿಟ್ಟು ಓಡಿ ಬಂದು ಮತ್ತೆ ಬೆನ್ನಿಗಂಟಿತು.

ಕೊನೆಯ ಮಗು ಎದ್ದ ಮೇಲೆ ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು. ಕನ್ನಡಕ ತೆಗೆದು ಒರೆಸಿದರು.

"ಮೊದಲ ಐದೂ ತಲೆಕೆಳಗು, ಉಳಿದವು ಒಂದೂ ತಪ್ಪಿಲ್ಲ. ನನ್ನ ಸರ್ವಿಸಲ್ಲಿ ಹೀಗೆ ನೋಡಿಲ್ಲ." ಕತ್ತು ತಿರುಗಿಸಿದರು. "ಸಾಕ್ಷಿ ನೀವಲ್ವಾ ಮೇಡಂ. ಮಧ್ಯದಲ್ಲಿ ಏನಾದ್ರೂ ನಡೀತಾ?"

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳವೊಂದು ಬಿದ್ದು ಗಿರಗಿರ ತಿರುಗಿ ನಿಂತಿತು. ಏನಿಲ್ಲ ಸರ್, ಅನ್ನು ಅಕ್ಕಾ. ಎರಡೇ ಪದ. ಏನಿಲ್ಲ, ಸರ್.

"ನಡೀತು," ಎಂದಳು ಅಕ್ಕ. "ಟೀಚರ್ ಮಕ್ಕಳಿಗೆ ಹೇಳಿಕೊಟ್ಟಳು. ಮೊದಲಿನ ಚಿತ್ರ ಮೊದಲು ಇಡಿ ಅಂತ. ನಾನು ಕಿವಿಯಾರೆ ಕೇಳಿದೆ."

ಸಾಹೇಬರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಜಾನೇನಮ್ಮಾ?"

"ನಿಜ ಸರ್."

"ಹಾಗಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

"ಸ್ವಲ್ಪ ಇರಿ," ಎಂದಳು ಅಕ್ಕ, ಅದೇ ಗಂಟೆಯಂಥ ದನಿಯಲ್ಲಿ. "ಇನ್ನೊಂದು ಮಾತಿದೆ. ಮೊದಲು ಬಂದ ಮಕ್ಕಳದ್ದೂ ತಪ್ಪಲ್ಲ. ಕಥೆ ಮುಗಿದ ಮೇಲೆ ಅದನ್ನ ವಾಪಸ್ ಹೇಳೋದು ಇಲ್ಲಿನ ರೂಢಿ. ಹಿಂದುಹಿಂದಕ್ಕೆ ಹೇಳೋಕೆ ಮುಂದಿನದು ಪೂರ್ತಿ ಗೊತ್ತಿರಬೇಕು ಸರ್. ನನ್ನ ಶಾಲೆ ಮಕ್ಕಳು ಅದನ್ನ ಮಾಡಲಾರರು. ಕರೆಸಿ ನೋಡಿ ಬೇಕಿದ್ರೆ."

"ಇರಬಹುದು ಮೇಡಂ. ಹಾಳೆಯಲ್ಲಿ ಸರಿ ಇದೆ, ತಪ್ಪು ಇದೆ. ರೂಢಿ ಅಂತ ಮೂರನೇ ಮನೆ ಇಲ್ಲ." ಮೂಗು ಸೀಟಿದರು. "ಇರ್ಲಿ. ಕಚೇರಿಗೆ ಒಂದು ಫೋನ್ ಮಾಡ್ತೀನಿ. ಅವರು ಹೇಳಿದ್ದು ಆಗುತ್ತೆ."

ಅವರು ಹೊರಗೆ ಜಗುಲಿಗೆ ಹೋದರು. ಅಡುಗೆಯವಳು ಮಕ್ಕಳಿಗೆ ತಟ್ಟೆ ಹಾಕತೊಡಗಿದಳು. ಅವಳಿಗೆ ಒಂದು ಕಣ್ಣು ಸ್ವಲ್ಪ ಮಂದ, ಕಿವಿ ಮಾತ್ರ ಚುರುಕು. ತಟ್ಟೆಗಳನ್ನು ಇಡುತ್ತಿದ್ದ ಸದ್ದಿನಲ್ಲೇ ಅವಳ ಸಿಟ್ಟು ತಿಳಿಯುತ್ತಿತ್ತು.

ತಂಗಿ ಅಕ್ಕನ ತೋಳು ಹಿಡಿದು ಸಾಮಾನು ಕೋಣೆಗೆ ಎಳೆದುಕೊಂಡು ಹೋದಳು. ಮುರಿದ ಪುಟ್ಟ ಕುರ್ಚಿಗಳ ರಾಶಿ, ಪೊರಕೆ, ಹಳೇ ಗೋಣಿಚೀಲದ ವಾಸನೆ.

"ನಿನ್ನ ಬಾಯಿಗೆ ಏನಾಗಿತ್ತು? ಒಂದು ಸಲ, ಒಂದೇ ಒಂದು ಸಲ ಮುಚ್ಕೊಂಡಿರೋಕೆ ಆಗ್ತಿರಲಿಲ್ವಾ?"

"ನಿನ್ನ ಬಾಯಿಗೆ ಏನಾಗಿತ್ತು?" ಅಕ್ಕನೂ ಹಲ್ಲು ಕಚ್ಚಿಯೇ ಹೇಳಿದಳು. "ಮಕ್ಕಳ ಮುಂದೆ ಕೂತು ಹೇಳಿಕೊಟ್ಯಲ್ಲೇ. ಆ ಚಿನಕುರುಳಿ ಊರಿಗೆಲ್ಲ ಡಂಗುರ ಹೊಡೀದೇ ಇರ್ತಾಳಾ? ಸಂಜೆಯೊಳಗೆ ಬೇಕರಿಗೆ, ನಾಳೆ ಕಚೇರಿಗೆ. ಆಗ ನೀನೂ ಕಳ್ಳಿ, ನಾನೂ ಕಳ್ಳಿ. ಎರಡೂ ಶಾಲೆಗೆ ಬೀಗ."

"ಸುಮ್ನೆ ಹೇಳ್ಬೇಡ. ನಾನು ಬಾಯಿ ಬಿಡೋ ಮೊದಲೇ ನೀನು ನೋಡಿದ್ದೆ. ನಿನಗೆ ತಿಳೀತು. ಆಗ ಯಾಕೆ ಹೇಳಲಿಲ್ಲ? ಆಗ ಹೇಳಿದ್ರೆ ನಾನು ಮೋಸ ಮಾಡೋ ಅಗತ್ಯಾನೇ ಇರ್ಲಿಲ್ಲ!"

ಅಕ್ಕ ಪೊರಕೆಯ ಕಡ್ಡಿಯೊಂದನ್ನು ಎಳೆದು ಮುರಿದಳು.

"ಹೌದು," ಎಂದಳು ಕೊನೆಗೆ. "ಆಗ ಹೇಳಲಿಲ್ಲ. ಸಾಕ್ಷಿ ಕೇಳಿದಾಗ ಮಾತ್ರ ಮಾತಾಡಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಸುಳ್ಳು ಅದು. ಹೊಸ ಕೋಣೆ ಕಟ್ಟಿಸ್ತಾರಲ್ಲ, ಅದರ ಕಿಟಕಿ ಯಾವ ಕಡೆ ಇಡಿಸಲಿ ಅಂತ ಯೋಚಿಸ್ತಾ ಕೂತಿದ್ದೆ. ಸಾಕಾ?"

ಇಷ್ಟು ವರ್ಷದಲ್ಲಿ ಅಕ್ಕ ತಪ್ಪೊಪ್ಪಿಕೊಂಡಿದ್ದನ್ನು ತಂಗಿ ಕಂಡಿರಲಿಲ್ಲ. ಕಂಡಾಗ ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ಜಗುಲಿಯಿಂದ ಸಾಹೇಬರ ಮಾತು ತುಂಡುತುಂಡಾಗಿ ಕೇಳಿಬಂತು. "ಹೌದು ಸರ್... ಒಪ್ಪಿಕೊಂಡಿದ್ದಾರೆ... ಇಲ್ಲ ಸರ್, ಮಕ್ಕಳು ಚುರುಕಾಗೇ ಇದ್ದಾರೆ... ಹಾಗಾದ್ರೆ ಈ ತಿಂಗಳ ಕೊನೆಗೇ ಮುಚ್ಚೋದು ಅಂತ..."

ಅಕ್ಕ ಕಡ್ಡಿಯನ್ನು ಎಸೆದಳು. ತಂಗಿ ತಡೆಯುವ ಮೊದಲೇ ದಾಪುಗಾಲು ಹಾಕಿ ಜಗುಲಿಗೆ ಹೋಗಿದ್ದಳು.

"ಕೊಡಿ ಇಲ್ಲಿ," ಎಂದಳು ಸಾಹೇಬರಿಗೆ, ಮಗುವಿನ ಕೈಯಿಂದ ಕತ್ತರಿ ಕೇಳುವಂತೆ. ಸಾಹೇಬರು ತಬ್ಬಿಬ್ಬಾಗಿ ಫೋನು ಕೊಟ್ಟೇಬಿಟ್ಟರು.

"ನಮಸ್ಕಾರ ಸರ್, ಮೇಲಿನ ಶಿಶುವಿಹಾರದವಳು. ಹೇಳಿಕೊಟ್ಟಿದ್ದು ಟೀಚರ್ ತಪ್ಪು, ಮಕ್ಕಳದ್ದಲ್ಲ. ಶಿಕ್ಷೆ ಅವಳಿಗೆ ಕೊಡಿ, ಇವರಿಗೆ ಯಾಕೆ? ಇನ್ನೊಂದು ಸಲ ತಪಾಸಣೆ ಮಾಡಿ... ಅವಳು ಇದ್ರೆ ನಂಬಿಕೆ ಇಲ್ಲ ಅಂತೀರಾ? ಸರಿ. ಅವಳು ಇರೋದು ಬೇಡ." ಉಸಿರು ಎಳೆದುಕೊಂಡಳು. "ನಾನು ಬರ್ತೀನಿ. ಇಲ್ಲಿಗೆ. ಅವಳು ಮೇಲೆ ಹೋಗ್ಲಿ... ಹೌದು ಸರ್, ನನ್ನ ಶಾಲೆಗೇ. ಗೊತ್ತು ಸರ್, ನನ್ನ ಶಾಲೆಯ ಮೇಲ್ದರ್ಜೆ ಹೋದ್ರೆ ಹೋಗ್ಲಿ. ಈ ಮಕ್ಕಳು ಮುಂದಿನ ಸಲ ಸೋತ್ರೆ ನನ್ನ ಹೆಸರಿಗೆ ಬರಲಿ."

ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಅಕ್ಕ ಹ್ಞೂಂಗುಟ್ಟುತ್ತಾ ನಿಂತಳು. ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಒಳಗೆ ಗುಂಡ ಇನ್ನೊಂದು ತುತ್ತು ಹೆಚ್ಚು ಬೇಕೆಂದು ರಾಗ ಎಳೆಯುತ್ತಿದ್ದ. ಅಡುಗೆಯವಳು ಸೌಟು ಹಿಡಿದೇ ಬಂದು ತಂಗಿಯ ಹಿಂದೆ ನಿಂತಳು.

ಅಕ್ಕ ಫೋನು ವಾಪಸ್ ಕೊಟ್ಟಳು. ಸಾಹೇಬರು ಕೇಳಿಸಿಕೊಂಡರು, "ಆಯ್ತು ಸರ್" ಎಂದರು, ಜೇಬಿಗೆ ಹಾಕಿಕೊಂಡರು.

"ಶೈಕ್ಷಣಿಕ ವರ್ಷ ಮುಗಿಯೋ ಮೊದಲು ಮರುತಪಾಸಣೆ. ಅಲ್ಲಿವರೆಗೆ ಮುಚ್ಚಲ್ಲ. ನಾಳೆಯಿಂದಲೇ ಅದಲುಬದಲು." ತಂಗಿಯ ಕಡೆ ತಿರುಗಿ, ಸ್ವಲ್ಪ ತಡೆದು, "ನೀವು ಈ ಆವರಣದೊಳಗೆ ಬರುವಂತಿಲ್ಲ. ಮರುತಪಾಸಣೆ ಮುಗಿದ ಮೇಲೂ ವಾಪಸ್ ಬರೋದು ಕಷ್ಟ ಅಂತಾನೇ ತಿಳ್ಕೊಳ್ಳಿ," ಎಂದರು.

"ಶಾಲೆ ಇರುತ್ತಲ್ವಾ ಸರ್?"

"ಸದ್ಯಕ್ಕೆ ಇರುತ್ತೆ."

*

ಮರುದಿನ ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ಗೋದಾಮಿನ ಗೇಟಿನ ಬಳಿ ನಿಂತಿದ್ದರು. ಒಬ್ಬಳು ಒಳಗೆ, ಒಬ್ಬಳು ಹೊರಗೆ. ಸುದ್ದಿ ಕಾರ್ಖಾನೆಗೆಲ್ಲ ಹಬ್ಬಿತ್ತು. ಮಕ್ಕಳನ್ನು ಬಿಡಲು ಬಂದ ತಾಯಂದಿರು ತಂಗಿಯನ್ನು ನೋಡಿ ಏನು ಹೇಳಬೇಕೆಂದು ತೋಚದೆ, ಬಟ್ಟೆ ಚೆನ್ನಾಗಿದೆ ಟೀಚರ್, ತಿಂಡಿ ಆಯ್ತಾ ಟೀಚರ್ ಎಂದು ಏನೇನೋ ಕೇಳಿ ಸರಿದುಹೋದರು. ಗುಂಡ ಅಕ್ಕನನ್ನು ಕೆಳಗಿಂದ ಮೇಲಕ್ಕೆ ಅಳೆದು, "ನಿಮ್ಮ ಗಂಟೆ ಎಲ್ಲಿ?" ಎಂದು ಕೇಳಿದ.

"ತಂದಿಲ್ಲ. ಒಳಗೆ ನಡಿ."

"ಕಥೆ ಬರುತ್ತಾ ನಿಮಗೆ?"

"ಬರುತ್ತಿತ್ತು," ಎಂದಳು ಅಕ್ಕ. "ನೋಡೋಣ, ಇನ್ನೂ ಬರುತ್ತಾ ಅಂತ. ಬಾಯಲ್ಲಿ ಏನದು? ಉಗಿ ಮೊದಲು."

ಕೊನೆಗೆ ಬಂದದ್ದು ಬೆಕ್ಕಿನಮರಿ. ಅದರ ಅಮ್ಮ ಎಂದಿನಂತೆ ಇಳಿಸಿ, ಮೂಗು ಒರೆಸಿ, ಮುತ್ತು ಒತ್ತಿದಳು. ಸೈರನ್ನು ಶುರುವಾಗಿತ್ತು. "ಟೀಚರ್, ನೀವು..." ಎಂದವಳು ಮಾತು ಮುಗಿಸಲಾಗದೆ ಓಡಿದಳು.

ಮಗು ನೇರ ತಂಗಿಯ ಹತ್ತಿರ ಬಂದು ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿಯಿತು. ಗೇಟಿನ ಒಳಗೆ ಎಳೆಯಿತು. ತಂಗಿ ಕದಲಲಿಲ್ಲ. ಮತ್ತೆ ಎಳೆಯಿತು, ಈ ಸಲ ಇಡೀ ಮೈಭಾರ ಬಿಟ್ಟು.

"ನಾನು ಬರೋ ಹಾಗಿಲ್ಲ ಮರಿ. ನೀನು ಹೋಗು."

ಮಗು ತಲೆ ಅಲ್ಲಾಡಿಸಿತು. ಕಿವಿ ಬೇಕೆಂದು ಕೈ ಚಾಚಿತು. ತಂಗಿ ಮಂಡಿಯೂರಿ ಬಗ್ಗಿದಳು. ಬಿಸಿ ಉಸಿರಿನ ಜೊತೆ ಎರಡು ಪದ ಬಂದವು: "ಅವರು ಬೇಡ."

ಒಳಗೆ ನಿಂತಿದ್ದ ಅಕ್ಕನಿಗೆ ಕೇಳಿಸಿತೋ ಇಲ್ಲವೋ, ಮುಖದಲ್ಲಿ ಏನೂ ತೋರಲಿಲ್ಲ. ದಿಬ್ಬದ ಮೇಲಿನ ಮಕ್ಕಳೂ ಈ ಹೊತ್ತಿಗೆ ಬಂದಿರುತ್ತಾರೆ, ಖಾಲಿ ಕುರ್ಚಿ ನೋಡಿ ಯಾರನ್ನೋ ಹುಡುಕುತ್ತಿರುತ್ತಾರೆ, ಅನಿಸಿತು ತಂಗಿಗೆ. ಅಕ್ಕ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ.

"ಅವರು ನನ್ನ ಅಕ್ಕ," ಎಂದಳು ತಂಗಿ ಮಗುವಿಗೆ. "ಚಿಕ್ಕವಳಿದ್ದಾಗ ನನಗೆ ಕತ್ತಲಲ್ಲಿ ಹೆದರಿಕೆ ಆದ್ರೆ ಇವರ ಬೆನ್ನಿಗೇ ಒರಗ್ತಿದ್ದೆ. ನನ್ನ ಬೆನ್ನಿಗಿಂತ ಇವರದ್ದು ಅಗಲ. ಬೇಕಾದ್ರೆ ನೋಡು."

ಮಗು ಅಕ್ಕನ ಬೆನ್ನನ್ನು ನೋಡಲು ಕತ್ತು ಓರೆ ಮಾಡಿತು. ಅಕ್ಕ ಒಂದು ಕ್ಷಣ ಏನು ಮಾಡಬೇಕೆಂದು ತಿಳಿಯದೆ ನಿಂತಳು. ಆಮೇಲೆ, ಇಸ್ತ್ರಿಯ ಗೆರೆಯನ್ನೂ ಲೆಕ್ಕಿಸದೆ, ಗೇಟಿನ ಒಳಗಿನ ಮಣ್ಣಿನಲ್ಲಿ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತಳು. ಕೂತು ಕಾದಳು. ಗಂಟೆ ಟೀಚರ್ ಯಾರಿಗೂ ಕಾದದ್ದನ್ನು ಆ ಊರು ಕಂಡಿರಲಿಲ್ಲ.

ಮಗುವಿನ ಮುಷ್ಟಿ ಸಡಿಲಲಿಲ್ಲ. ತಂಗಿಯೇ ಒಂದೊಂದಾಗಿ ಆ ಪುಟ್ಟ ಬೆರಳುಗಳನ್ನು ಬಿಡಿಸಿದಳು. ಕೊನೆಯದನ್ನು ಬಿಡಿಸುವಾಗ ಮಗು ಅಳಲಿಲ್ಲ, ಅವಳ ಮುಖವನ್ನು ನೋಡುತ್ತಲೇ ಇತ್ತು. ಅವಳು ಗೇಟನ್ನು ಹೊರಗಿನಿಂದ ಎಳೆದುಕೊಂಡಳು. ಚಿಲಕ ಹಾಕಲಿಲ್ಲ.

"ಹೋಗೇ," ಎಂದಳು ಅಕ್ಕ, ತಿರುಗದೆ. "ಮೇಲೆ ತಡ ಆದ್ರೆ ಆ ಮಕ್ಕಳಿಗೆ ಆಗಲ್ಲ. ನಾನೇ ಹಾಗೆ ಅಭ್ಯಾಸ ಮಾಡಿಸಿಟ್ಟಿದ್ದೀನಿ."

ತಂಗಿ ಹೆದ್ದಾರಿಯ ಅಂಚಿಗೆ ಬಂದು ನಿಂತಳು. ಲಾರಿಗಳು ಒಂದರ ಹಿಂದೆ ಒಂದು, ಮುಗಿಯುವ ಲಕ್ಷಣವೇ ಇಲ್ಲ. ಹಿಂತಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ಗೊತ್ತಿದ್ದೂ ನೋಡಿದಳು. ಮಗು ಅಕ್ಕನ ಹಿಂದೆ, ಇನ್ನೂ ಮುಟ್ಟದೆ, ಒಂದು ಗೇಣು ದೂರದಲ್ಲಿ ನಿಂತಿತ್ತು.

ರಸ್ತೆಯಲ್ಲಿ ಸಂದು ಸಿಕ್ಕಿತು. ಅವಳು ದಾಟಿದಳು.